ಮುಟ್ಟು ನಿಲ್ಲುವ ಸಮಯ: ಕಷಾಯ, ಯೋಗ, ಡಾಕ್ಟರ್ ಮಾತ್ರೆ ಮೂರೂ ಒಟ್ಟಿಗೆ ನಡೆಯುತ್ತಾ?

ಪ್ರಶ್ನೆ: ನನಗೀಗ 47. ಊರು ದಾವಣಗೆರೆ ಹತ್ತಿರ. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಎರಡು ತಿಂಗಳು ಬರಲ್ಲ, ಬಂದರೆ ಹತ್ತು ದಿನ ನಿಲ್ಲಲ್ಲ. ರಾತ್ರಿ ಮೈಯೆಲ್ಲ ಬಿಸಿಯಾಗಿ ಬೆವರಿ ಎಚ್ಚರ ಆಗುತ್ತೆ. ಬಿಪಿಗೆ, ಥೈರಾಯ್ಡ್‌ಗೆ ಮಾತ್ರೆ ತಗೊಳ್ತಿದೀನಿ. ಅತ್ತೆ ಅಶೋಕಾರಿಷ್ಟ ಕುಡಿ ಅಂತಾರೆ. ಅಕ್ಕ ಯೋಗಕ್ಕೆ ಕರೀತಾಳೆ. ಡಾಕ್ಟರ್ ಹಾರ್ಮೋನ್ ಮಾತ್ರೆ ಬಗ್ಗೆ ಹೇಳ್ತಿದಾರೆ. ಎಲ್ಲಾ ಒಟ್ಟಿಗೆ ಮಾಡಬಹುದಾ, ಇಲ್ಲ ಒಂದನ್ನೇ ಹಿಡೀಬೇಕಾ?

ಉತ್ತರ: ಒಟ್ಟಿಗೆ ಮಾಡಬಹುದು. ಆದರೆ ಎಲ್ಲವನ್ನೂ ಒಂದೇ ದಿನ ಶುರು ಮಾಡುವಂತಿಲ್ಲ. ಒಂದೊಂದು ತೊಂದರೆಗೆ ಒಂದೊಂದು ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ. ನೀವು ಬರೆದದ್ದರಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ಆ ಹತ್ತು ದಿನ ನಿಲ್ಲದ ಮುಟ್ಟಿನ ಮೇಲೆ. ಬೆವರು, ನಿದ್ದೆ ಎಲ್ಲ ಆಮೇಲೆ ನೋಡೋಣ. ರಕ್ತ ಯಾಕೆ ಹಾಗೆ ಹೋಗುತ್ತಿದೆ ಅಂತ ಗೊತ್ತಾಗುವ ತನಕ ನೀವಾಗಿ ಅರಿಷ್ಟವನ್ನೂ ಶುರು ಮಾಡಬೇಡಿ, ಅಂಗಡಿಯಿಂದ ಮಾತ್ರೆಯನ್ನೂ ತರಬೇಡಿ.

ನಿಮ್ಮ ವಯಸ್ಸಿಗೆ ಮುಟ್ಟು ಏರುಪೇರಾಗುವುದು ಸಹಜವೇ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಹೊತ್ತಿಗೆ ಮುಟ್ಟು ಪೂರ್ತಿ ನಿಲ್ಲುತ್ತದೆ. ಅದಕ್ಕೆ ಮುಂಚಿನ ಕೆಲವು ವರ್ಷ ಅಂಡಾಶಯದಿಂದ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ಅಂಡ ಬಿಡುಗಡೆ ಆಗದ ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಾಗುವುದಿಲ್ಲ. ಈಸ್ಟ್ರೊಜೆನ್ ಮಾತ್ರ ಇರುವುದರಿಂದ ಗರ್ಭಕೋಶದ ಒಳಪದರ ದಪ್ಪ ಆಗುತ್ತಾ ಹೋಗುತ್ತದೆ. ಅದು ಕಳಚುವಾಗ ಜಾಸ್ತಿ ರಕ್ತ ಹೋಗುತ್ತದೆ, ತುಂಬಾ ದಿನ ಹೋಗುತ್ತದೆ. ಆದರೆ ಗರ್ಭಕೋಶದ ಗಡ್ಡೆ, ಥೈರಾಯ್ಡ್ ಏರುಪೇರು, ಒಳಪದರದ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳುತ್ತವೆ. ಹೊರಗಿನಿಂದ ನೋಡಿ ಯಾರೂ ಹೇಳಲಾಗದು. ಅತ್ತೆಗೂ ಆಗದು, ನನಗೂ ಆಗದು.

ಹಾಗಾಗಿ ಮೊದಲು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋದರೂ ಆಯಿತು, ನಿಮಗೆ ಪರಿಚಯ ಇರುವ ಡಾಕ್ಟರಾದರೂ ಆಯಿತು. ಹಿಮೋಗ್ಲೋಬಿನ್, ಥೈರಾಯ್ಡ್, ಒಂದು ಸ್ಕ್ಯಾನಿಂಗ್ ಮಾಡಿಸುತ್ತಾರೆ. 45 ದಾಟಿದವರಿಗೆ ಹೀಗೆ ರಕ್ತ ಹೋಗುತ್ತಿದ್ದರೆ ಒಳಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಉಂಟು. ಗಾಬರಿ ಬೇಡ. ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದೇ ದಾರಿ.

ಅಶೋಕಾರಿಷ್ಟ ಜಾಸ್ತಿ ಮುಟ್ಟು ಹೋಗುವವರಿಗೆ ಆಯುರ್ವೇದದಲ್ಲಿ ಮೊದಲಿನಿಂದ ಕೊಡುತ್ತಾ ಬಂದಿರುವ ಔಷಧಿ. ಅದರ ಮೇಲೆ ನನಗೆ ತಕರಾರಿಲ್ಲ. ಅದನ್ನು ನಂಬಿ ಆರು ತಿಂಗಳು ಕಾಯುತ್ತಾರಲ್ಲ, ಅದಕ್ಕೆ ತಕರಾರು. ಅಷ್ಟರಲ್ಲಿ ಮೈಯಲ್ಲಿ ರಕ್ತ ಇಳಿದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹಾಗೆ ಆಗಿರುತ್ತದೆ. ಇನ್ನೊಂದು ಮಾತು. ಅರಿಷ್ಟಗಳಲ್ಲಿ ಬೆಲ್ಲ ಇರುತ್ತದೆ. ಹುದುಗಿಸಿ ಮಾಡುವುದರಿಂದ ಸ್ವಲ್ಪ ಆಲ್ಕೋಹಾಲ್ ಕೂಡ ಇರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಲಿವರ್ ತೊಂದರೆ ಇರುವವರು ಕೇಳದೆ ಕುಡಿಯಬಾರದು.

ನಮ್ಮ ಕಡೆ ಇದಕ್ಕೆ ಇನ್ನೊಂದು ಸಲಹೆಯೂ ತುಂಬಾ ಬೇಗ ಬಂದುಬಿಡುತ್ತದೆ. "ಮಕ್ಕಳಾಗಿವೆಯಲ್ಲ, ಇನ್ನೇಕೆ, ಗರ್ಭಕೋಶ ತೆಗೆಸಿಬಿಡಿ." ಕೆಲವರಿಗೆ ಆ ಆಪರೇಷನ್ ನಿಜವಾಗಿ ಬೇಕಾಗುತ್ತದೆ. ಆದರೆ ಅದು ಮೊದಲನೇ ಮೆಟ್ಟಿಲಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ, ಪ್ರೊಜೆಸ್ಟರಾನ್ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ, ಒಮ್ಮೆ ಹಾಕಿಸಿದರೆ ಕನಿಷ್ಠ ಐದು ವರ್ಷ ಕೆಲಸ ಮಾಡುತ್ತದೆ. ಆಪರೇಷನ್‌ನಲ್ಲಿ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಎಲ್ಲ ತೊಂದರೆ ರಾತ್ರೋರಾತ್ರಿ ಶುರುವಾಗುತ್ತದೆ. ಮೂಳೆ ಬೇಗ ಸವೆಯುತ್ತದೆ. ಬಡ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ವಿಚಾರ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಇದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ ಮಾಡಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಯಾರಾದರೂ ತೆಗೆಸಿ ಅಂದರೆ, ಇನ್ನೊಬ್ಬ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ದಯವಿಟ್ಟು ಕೇಳಿ.

ಈಗ ಮೈ ಬಿಸಿಯೇರುವ ವಿಷಯಕ್ಕೆ ಬರೋಣ. ಬಿಸಿಲುಗಾಲದಲ್ಲಿ ದಾವಣಗೆರೆ, ಚಿತ್ರದುರ್ಗದಲ್ಲಿ ಎಲ್ಲರಿಗೂ ಬೆವರುತ್ತದೆ, ಅದಕ್ಕೇ ಎಷ್ಟೋ ಜನ ಇದನ್ನು ಸೆಖೆ ಅಂದುಕೊಂಡು ಸುಮ್ಮನಿರುತ್ತಾರೆ. ಇದು ಬೇರೆ. ಎದೆಯಿಂದ ಮುಖಕ್ಕೆ ಒಮ್ಮೆಲೇ ಬಿಸಿ ಏರುತ್ತದೆ, ಕೆಲವು ನಿಮಿಷ ಇರುತ್ತದೆ, ಬೆವರಿ ಆಮೇಲೆ ಚಳಿ ಆಗುತ್ತದೆ. ಈಸ್ಟ್ರೊಜೆನ್ ಇಳಿದಾಗ ಮೆದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳುವ ಭಾಗ ತುಂಬಾ ಸೂಕ್ಷ್ಮ ಆಗುತ್ತದೆ. ಚೂರು ಬಿಸಿಯಾದರೂ ಮೈ ತಣಿಸಲು ಹೊರಡುತ್ತದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ತೊಂದರೆ ಸಾಮಾನ್ಯವಾಗಿ ಏಳು ವರ್ಷಕ್ಕೂ ಜಾಸ್ತಿ ಇರುತ್ತದೆ ಅಂತ ಅದು ತೋರಿಸಿತು. "ಎರಡು ತಿಂಗಳಲ್ಲಿ ತಾನಾಗೇ ಹೋಗುತ್ತೆ, ತಡ್ಕೋ" ಅನ್ನುವವರಿಗೆ ಇದು ಗೊತ್ತಿರಬೇಕು.

ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆಯೇ. ಅದರ ಹೆಸರು ಕೇಳಿದರೆ ಕ್ಯಾನ್ಸರ್ ಅಂತ ಹೆದರುತ್ತಾರೆ. ಆ ಹೆದರಿಕೆ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಪ್ರಯೋಗವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ, 10,000 ಜನರಿಗೆ ವರ್ಷಕ್ಕೆ 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63. ನಿಮ್ಮ ಹಾಗೆ 47ರವರಲ್ಲ. 60ರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದರೆ, ಬೇರೆ ಅಡ್ಡಿ ಇಲ್ಲದ ಹೆಚ್ಚಿನ ಹೆಂಗಸರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ ಅಂತ ಈಗಿನ ತಜ್ಞರು ಹೇಳುತ್ತಾರೆ. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಸ್ತನ ಕ್ಯಾನ್ಸರ್ ಬಂದು ಹೋದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆಗಿದ್ದವರು, ಕಾರಣ ಗೊತ್ತಾಗದ ರಕ್ತಸ್ರಾವ ಇರುವವರು ಇದನ್ನು ತೆಗೆದುಕೊಳ್ಳಬಾರದು. ನಿಮ್ಮ ಬಿಪಿ ಹಿಡಿತದಲ್ಲಿದ್ದರೆ ಅದೊಂದೇ ಅಡ್ಡಿ ಆಗಲಾರದು, ಆದರೆ ಡಾಕ್ಟರ್ ಅಳತೆ ನೋಡಿಯೇ ಬರೆಯಬೇಕು. ಮೈಗೆ ಹಚ್ಚುವ ಜೆಲ್ಲೂ ಇದೆ, ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಹಾರ್ಮೋನ್ ಆಗದವರಿಗೆ ಬೇರೆ ಮಾತ್ರೆಗಳೂ ಇವೆ.

ಅಕ್ಕ ಕರೆಯುವ ಯೋಗಕ್ಕೆ ಖಂಡಿತ ಹೋಗಿ. ಬೆಂಗಳೂರಿನಲ್ಲಿ 120 ಹೆಂಗಸರ ಮೇಲೆ ಎಂಟು ವಾರ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರಲ್ಲಿ ಬಿಸಿಯೇರುವುದು, ರಾತ್ರಿ ಬೆವರು ಜಾಸ್ತಿ ಕಡಿಮೆಯಾಯಿತು. ಅಮೆರಿಕದಲ್ಲಿ 12 ವಾರ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಅಲ್ಲಿ ಬೆವರು ಕಡಿಮೆ ಆಗಲಿಲ್ಲ, ನಿದ್ದೆ ಮಾತ್ರ ಸುಧಾರಿಸಿತು. ಹಾಗಾಗಿ ಬಿಸಿಗೆ ಗ್ಯಾರಂಟಿ ಕೊಡಲಾರೆ. ನಿದ್ದೆಗೆ, ಮನಸ್ಸಿಗೆ ಒಳ್ಳೆಯದು ಅಂತ ಧೈರ್ಯವಾಗಿ ಹೇಳುತ್ತೇನೆ. ಯೋಚನೆಯ ರೀತಿ ಬದಲಿಸುವ ಆಪ್ತಸಮಾಲೋಚನೆ ಇದೆಯಲ್ಲ, ಅದಕ್ಕೆ ಯೋಗಕ್ಕಿಂತ ಗಟ್ಟಿ ಪುರಾವೆ ಇದೆ. ತುಂಬಾ ಅಳು, ಸಿಟ್ಟು, ಬೇಸರ ಕಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬಿಸಿ ಚಹಾ, ಸಂಜೆಯ ಮಂಡಕ್ಕಿ ಮಿರ್ಚಿಯ ಖಾರ ಕೆಲವರಿಗೆ ಬಿಸಿ ಏರಿಸುತ್ತದೆ. ನಿಮಗೂ ಹಾಗಾಗುತ್ತಾ ಅಂತ ಗಮನಿಸಿ.

ಅಗಸೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಗಸೆ ಪುಡಿ ನಮ್ಮ ರೊಟ್ಟಿ ಊಟದ ಜೊತೆ ಇದ್ದೇ ಇರುತ್ತದೆ, ತಿನ್ನಿ. ಆದರೆ ಬಿಸಿಯೇರುವುದಕ್ಕೆ ಔಷಧಿ ಅಂತ ನಂಬಬೇಡಿ. ಅಮೆರಿಕದಲ್ಲಿ 188 ಹೆಂಗಸರಲ್ಲಿ ಅರ್ಧ ಜನರಿಗೆ ಅಗಸೆ ಹಾಕಿದ ತಿನಿಸು, ಇನ್ನರ್ಧ ಜನರಿಗೆ ಅಗಸೆ ಇಲ್ಲದ ತಿನಿಸು ಕೊಟ್ಟು ಆರು ವಾರ ನೋಡಿದರು. ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗೆ ತೊಂದರೆ ಅರ್ಧಕ್ಕಿಳಿಯಿತು. ಅಂದರೆ ಏನು ಕೊಟ್ಟರೂ ಕೆಲವರಿಗೆ ಗುಣ ಕಾಣುತ್ತದೆ. "ನನಗೆ ಈ ಬೇರಿನಿಂದ ಹೋಯ್ತು" ಅನ್ನುವ ಪಕ್ಕದ ಮನೆಯವರು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಬೇರಿನ ಗುಣವೇ ಅಂತ ಹೇಳಲಾಗದು. ಶತಾವರಿಯ ಮಾತೂ ಇಷ್ಟೇ. ಈ ತೊಂದರೆಗೆ ಅದರ ಮೇಲೆ ಗಟ್ಟಿಯಾದ ದೊಡ್ಡ ಅಧ್ಯಯನ ಇಲ್ಲ. ತಗೊಳ್ಳಲೇಬೇಕು ಅನಿಸಿದರೆ ಆಯುರ್ವೇದ ವೈದ್ಯರನ್ನು ಕೇಳಿ ತಗೊಳ್ಳಿ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ ಬಿಟ್ಟುಬಿಡಿ.

ನಿಮಗೆ ಮಾತ್ರ ಎರಡು ವಸ್ತುಗಳ ಬಗ್ಗೆ ಎಚ್ಚರ ಹೇಳಲೇಬೇಕು. ಒಂದು ಅಶ್ವಗಂಧ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ನೀವು ಆಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೀರಿ. ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಇನ್ನೊಂದು ಜೇಷ್ಠಮಧು. ದಿನಾ ತಿಂದರೆ ಬಿಪಿ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಹೆಸರು, ಲೈಸೆನ್ಸ್ ನಂಬರ್ ಯಾವುದೂ ಇಲ್ಲದ ಪೊಟ್ಟಣದ ಪುಡಿಯನ್ನಂತೂ ಮುಟ್ಟಲೇಬೇಡಿ. ಮಂಡಿನೋವಿಗೆ ಅಂತ ಕೊಡುವ ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು. ನೋವು ಎರಡೇ ದಿನದಲ್ಲಿ ಹೋಗುತ್ತದೆ, ಮೂಳೆ ಒಳಗೇ ಟೊಳ್ಳಾಗುತ್ತದೆ.

ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇದೆ, ಅಶ್ವಿನಿ ಆಯುರ್ವೇದ ಕಾಲೇಜೂ ಇದೆ. ಒಂದೇ ಊರಲ್ಲಿ ಎರಡೂ ವಿದ್ಯೆ ಇರುವುದು ನಮ್ಮ ಪುಣ್ಯ. ಆದರೆ ಇಲ್ಲಿನ ಡಾಕ್ಟರ್ ಅಲ್ಲಿನ ವೈದ್ಯರಿಗೆ ಫೋನ್ ಮಾಡಿ ಕೇಳುವುದಿಲ್ಲ. ಇಬ್ಬರ ನಡುವೆ ಸುದ್ದಿ ಮುಟ್ಟಿಸುವವರು ನೀವೇ. ಬೈಯುತ್ತಾರೆ ಅಂತ ಹೆದರಿ ಕಷಾಯದ ವಿಷಯ ಮುಚ್ಚಿಡುವುದು ತುಂಬಾ ಮನೆಗಳಲ್ಲಿ ಇದೆ. ಹಾಗೆ ಮಾಡಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಚೂರ್ಣ, ಬಾಟಲಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಇಡಿ. ಬೈದರೆ ಬೈಯಲಿ.

ಒಂದು ವಿಷಯ ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಮುಟ್ಟು ಏರುಪೇರಾಗಿದ್ದರೂ ಗರ್ಭಿಣಿ ಆಗಬಹುದು. 50ರ ಒಳಗಿನವರು ಮುಟ್ಟು ನಿಂತ ಮೇಲೂ ಎರಡು ವರ್ಷ, 50 ದಾಟಿದವರು ಒಂದು ವರ್ಷ ಗರ್ಭಿಣಿ ಆಗದ ಹಾಗೆ ಎಚ್ಚರಿಕೆಯಿಂದ ಇರಬೇಕು.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬರದಿದ್ದರೆ ನಿಂತಿತು ಅಂತ ಲೆಕ್ಕ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ ಆ ವಾರವೇ ಡಾಕ್ಟರನ್ನು ನೋಡಿ. ಅಂಥವರಲ್ಲಿ ನೂರಕ್ಕೆ ಸುಮಾರು 9 ಜನರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಉಳಿದ 91 ಜನರಿಗೆ ಇರುವುದಿಲ್ಲ. ಬೇಗ ಸಿಕ್ಕರೆ ಚೆನ್ನಾಗಿ ಗುಣವಾಗುವ ಕ್ಯಾನ್ಸರ್ ಅದು. ಇಲ್ಲಿ ಮನೆಮದ್ದಿಗೆ ಜಾಗವೇ ಇಲ್ಲ.

ಈ ಹಂತದಲ್ಲಿ ಅಡುಗೆಮನೆಯ ಪಾತ್ರ ದೊಡ್ಡದು, ಯಾಕೆಂದರೆ ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಚಿತ್ರದುರ್ಗದ ಕಡೆ ಮುದ್ದೆ ಉಣ್ಣುವವರಿಗೆ 100 ಗ್ರಾಂ ರಾಗಿ ಹಿಟ್ಟಿನಿಂದಲೇ ಸುಮಾರು 350 ಮಿಲಿಗ್ರಾಂ ಸಿಗುತ್ತದೆ. ಜೋಳದ ರೊಟ್ಟಿ ತಿನ್ನುವವರಿಗೆ ಅಷ್ಟೇ ಹಿಟ್ಟಿನಿಂದ 30 ಕೂಡ ಸಿಗುವುದಿಲ್ಲ. ರೊಟ್ಟಿ ಬಿಡಿ ಅನ್ನುತ್ತಿಲ್ಲ. ಜೊತೆಗೆ ಮೊಸರು, ಎಳ್ಳಿನ ಪುಡಿ, ಸೊಪ್ಪಿನ ಪಲ್ಯ ಇರಲಿ, ರಾತ್ರಿಗೆ ಮುದ್ದೆ ಮಾಡಿ. ಬಿಸಿಲಲ್ಲಿ ನಡೆಯಿರಿ, ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ. ಡಾಕ್ಟರ್ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ.

ನೀವು ಕೇಳಿಲ್ಲ, ಆದರೂ ಮುಂದೆ ಬೇಕಾಗಬಹುದು ಅಂತ ಬರೆಯುತ್ತೇನೆ. ಮುಟ್ಟು ನಿಂತ ಮೇಲೆ ಯೋನಿ ಒಣಗುವುದು, ಗಂಡನ ಜೊತೆ ಸೇರುವಾಗ ನೋವು, ಪದೇ ಪದೇ ಉರಿಮೂತ್ರ ಆಗುತ್ತದೆ. ಮೈ ಬಿಸಿಯೇರುವುದು ಒಂದು ದಿನ ನಿಲ್ಲುತ್ತದೆ, ಇದನ್ನು ಹಾಗೇ ಬಿಟ್ಟರೆ ಜಾಸ್ತಿಯೇ ಆಗುತ್ತದೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ. ಕೊಬ್ಬರಿ ಎಣ್ಣೆ ಸ್ವಲ್ಪ ಆರಾಮ ಕೊಡುತ್ತದೆ, ಆದರೆ ಕಾಂಡೋಮ್ ಬಳಸುವವರು ಹಚ್ಚಬಾರದು, ಎಣ್ಣೆ ತಾಗಿದರೆ ಕಾಂಡೋಮ್ ಹರಿದುಹೋಗಬಹುದು. ಅಲ್ಲಿಗೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಮುಲಾಮು ಇದೆ. ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. 65ರಲ್ಲೂ ಶುರು ಮಾಡಬಹುದು. ಸ್ತನ ಕ್ಯಾನ್ಸರ್ ಆಗಿದ್ದವರು ಮಾತ್ರ ತಮ್ಮ ಕ್ಯಾನ್ಸರ್ ಡಾಕ್ಟರನ್ನು ಕೇಳಿ ಬಳಸಬೇಕು. ಹೇಳಲು ಸಂಕೋಚ ಆದರೆ ಚೀಟಿಯಲ್ಲಿ ಬರೆದು ಡಾಕ್ಟರಮ್ಮನ ಕೈಗೆ ಕೊಡಿ.