ಎಣ್ಣೆಗಾಯಿಗೆ ಎಷ್ಟು ಎಣ್ಣೆ?

ಶುಗರ್, ಬಿ.ಪಿ. ಅಂತ ಗೊತ್ತಾದ ಮನೆಯಲ್ಲಿ ಮೊದಲು ಪೆಟ್ಟು ಬೀಳುವುದು ಅಡುಗೆಮನೆಗೆ. ಎಣ್ಣೆ ಬಂದ್, ಖಾರ ಬಂದ್, ಶೇಂಗಾ ಬಂದ್. ಹದಿನೈದು ದಿನ ಕುದಿಸಿದ ತರಕಾರಿ, ಸಪ್ಪೆ ಬೇಳೆ. ಹದಿನಾರನೇ ದಿನ ಎಲ್ಲ ಮೊದಲಿನಂತೆ.

ಹುಬ್ಬಳ್ಳಿಯ ನನ್ನ ಕ್ಲಿನಿಕ್‌ಗೆ ಬಂದ ಒಬ್ಬ ಅಂಗಡಿಕಾರರದೂ ಇದೇ ಕತೆ. “ಬಾಯಾಗ ರುಚಿನ ಇಲ್ರೀ ಮೇಡಂ. ಹಿಂಗ ಸಪ್ಪಗ ಉಣ್ಣೂದಕ್ಕಿಂತ ಇನ್ನೆರಡು ಗುಳಿಗಿ ಬರದ್ ಕೊಡ್ರಿ” ಎಂದರು. ಅವರ ಹೆಂಡತಿ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ಪಾಪ, ತಪ್ಪು ಅವರದಲ್ಲ. ‘ಎಣ್ಣೆ ಕಡಿಮೆ ಮಾಡಿ’ ಅಂತ ಹಾಳೆಯ ಮೇಲೆ ಬರೆದು ಕೊಡುವ ನಾವು ಆಹಾರ ತಜ್ಞರು, ಕಡಿಮೆ ಎಣ್ಣೆಯಲ್ಲಿ ರುಚಿ ಹೇಗೆ ತರಬೇಕು ಅಂತ ಹೇಳುವುದೇ ಇಲ್ಲ. ನಾನೂ ಎಷ್ಟೋ ವರ್ಷ ಹೇಳಿರಲಿಲ್ಲ.

“ಮನ್ಯಾಗ ಯಾವ ಪಲ್ಯ ಸೇರತೈತ್ರಿ?” ಅಂತ ಕೇಳಿದೆ. “ಬದನಿಕಾಯಿ ಎಣ್ಣಿಗಾಯಿ” ಅಂತ ಇಬ್ಬರೂ ಒಟ್ಟಿಗೇ ಹೇಳಿದರು.

ಅದಕ್ಕೆ ಅವರು ಹಾಕುತ್ತಿದ್ದದ್ದು ಎರಡು ಸೌಟು ಎಣ್ಣೆ. ಅಂದಾಜು 100 ಮಿ.ಲೀ. ಹಿಡಿಯಿರಿ, 800ಕ್ಕೂ ಜಾಸ್ತಿ ಕ್ಯಾಲರಿ. ಬದನೆಕಾಯಿಯ ತಿರುಳು ಸ್ಪಂಜ್ ಇದ್ದ ಹಾಗೆ, ಒಳಗೆಲ್ಲ ಗಾಳಿ. ಹಸಿಯಾಗಿ ಎಣ್ಣೆಗೆ ಬಿದ್ದರೆ ಹಾಕಿದಷ್ಟೂ ಕುಡಿಯುತ್ತದೆ. ಮೊದಲು ಹಬೆಯಲ್ಲಿ ಮೆತ್ತಗಾದರೆ ಆ ಗಾಳಿಯ ಜಾಗ ಕುಸಿಯುತ್ತದೆ, ಕುಡಿಯುವ ಚಟವೂ ಬಿಡುತ್ತದೆ.

ಹಾಗಾಗಿ ನಾನು ಹೇಳಿಕೊಟ್ಟ ಎಣ್ಣೆಗಾಯಿ ಹೀಗೆ. ನಾಲ್ಕು ಜನಕ್ಕೆ ಎಂಟು ಎಳೆ ಬದನೆಕಾಯಿ, ತೊಟ್ಟು ಹಾಗೇ ಉಳಿಸಿ ನಾಲ್ಕು ಸೀಳು. ಒಂದು ಹಿಡಿ ಶೇಂಗಾ ಸಣ್ಣ ಉರಿಯಲ್ಲಿ ಹುರಿಯಿರಿ, ಸಿಪ್ಪೆ ಸಿಡಿದು ಘಮ್ ಅನ್ನಬೇಕು. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಎಣ್ಣೆ ಸುರಿದರೂ ಆ ರುಚಿ ಬರುವುದಿಲ್ಲ. ಒಂದೊಂದು ಚಮಚ ಗುರೆಳ್ಳು, ಎಳ್ಳು, ಚೂರು ಒಣಕೊಬ್ಬರಿ ಬೇರೆ ಬೇರೆ ಹುರಿದು, ಎಲ್ಲವನ್ನೂ ತರಿತರಿಯಾಗಿ ಪುಡಿ ಮಾಡಿ. ಹುಣಸೆರಸ, ಮಸಾಲೆ ಖಾರ, ಉಪ್ಪು, ಚಿಟಿಕೆ ಬೆಲ್ಲ ಕಲಸಿ ಕಾಯಿಗೆ ತುಂಬಿ. ದಪ್ಪ ತಳದ ಪಾತ್ರೆಯಲ್ಲಿ ಎರಡೇ ಎರಡು ಟೀ ಚಮಚ ಎಣ್ಣೆ, ಸಾಸಿವೆ, ಉಳ್ಳಾಗಡ್ಡಿ. ಕಾಯಿ ಜೋಡಿಸಿ, ಅರ್ಧ ಕಪ್ ನೀರು ಹಾಕಿ, ಮುಚ್ಚಿದ ತಟ್ಟೆಯ ಮೇಲೂ ಸ್ವಲ್ಪ ನೀರು ನಿಲ್ಲಿಸಿ. ಕಾಯಿ ಮೆತ್ತಗಾದ ಮೇಲೆ ಉಳಿದ ಮಸಾಲೆ ಹಾಕಿ, ತಟ್ಟೆ ತೆಗೆದು ಸಣ್ಣಗೆ ಕುದಿಯಲು ಬಿಡಿ. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಕೆಂಪಗೆ ಎಣ್ಣೆ ತೇಲುತ್ತದೆ. ಎಲ್ಲಿಂದ ಬಂತು? ಶೇಂಗಾದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಅಲ್ವಾ! ಅದಕ್ಕೇ ಒಂದು ಹಿಡಿ ಅಂದೆ, ಬಟ್ಟಲು ಅನ್ನಲಿಲ್ಲ.

ಖಾರದ ಬಗ್ಗೆಯೂ ಸುಮ್ನೆ ಹೆದರುತ್ತಾರೆ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಮ್ಮ ಕೈಗೆಟುಕುವಷ್ಟು ಹತ್ತಿರ ಇದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು. ಹಾಗಾಗಿ ಪುಡಿಯನ್ನು ನೀರಿಗೆ ಹಾಕುವ ಬದಲು, ಉರಿ ಆರಿಸಿ ಬಿಸಿ ಒಗ್ಗರಣೆಗೆ ಹಾಕಿ. ಒಂದು ಚಮಚ ಎಣ್ಣೆಯೇ ಇಡೀ ಪಲ್ಯವನ್ನು ಕೆಂಪಗೆ ಮಾಡುತ್ತದೆ. ಕಣ್ಣು ತುಂಬಿದರೆ ನಾಲಿಗೆ ಅಷ್ಟು ತಕರಾರು ಮಾಡುವುದಿಲ್ಲ.

ಉಪ್ಪಿನ ಲೆಕ್ಕ ಮಾತ್ರ ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಅದರಲ್ಲೇ ಬಂತು. ಹುಳಿ ಇದ್ದಲ್ಲಿ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಹುಳಿ ಸೊಪ್ಪಿನ ಪುಂಡಿಪಲ್ಯ ಮಾಡುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ರೊಟ್ಟಿ. “ಜ್ವಾಳದ ರೊಟ್ಟಿ ಎಷ್ಟ್ ತಿಂದ್ರೂ ಶುಗರ್ ಏರೂದಿಲ್ರೀ” ಅನ್ನುವವರು ವಾರಕ್ಕೆ ನಾಲ್ಕು ಜನ ಸಿಗುತ್ತಾರೆ. ಏರುತ್ತದೆ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಎರಡು ಸಾಕು. ಉಳಿದ ಹಸಿವಿಗೆ ಮೊಳಕೆ ಬಂದ ಮಡಕಿಕಾಳಿನ ಪಲ್ಯ, ಮೊಸರು, ತಟ್ಟೆ ತುಂಬ ಪಚಡಿ. ಮೆಂತ್ಯೆ ಸೊಪ್ಪು, ಮೂಲಂಗಿ, ಸೌತೆಕಾಯಿ ಸಣ್ಣಗೆ ಹೆಚ್ಚಿ, ಗುರೆಳ್ಳು ಪುಡಿ ಉದುರಿಸಿ ಲಿಂಬೆ ಹಿಂಡಿದರೆ ಮುಗಿಯಿತು. ಒಲೆಯೂ ಬೇಡ.

ತಿಂಗಳ ನಂತರ ಇಬ್ಬರೂ ಮತ್ತೆ ಬಂದರು. ಎಣ್ಣೆಗಾಯಿ ವಾರಕ್ಕೆರಡು ಸಲ ಆಗುತ್ತಿದೆಯಂತೆ. ಗುಳಿಗೆಯ ಮಾತು ಬರಲಿಲ್ಲ. ಎದ್ದು ಹೊರಟವರು ಬಾಗಿಲಲ್ಲಿ ನಿಂತು, “ದುರ್ಗದಬೈಲಿಗೆ ಹ್ವಾದಾಗ ಗಿರ್ಮಿಟ್ ಜೋಡಿ ಮಿರ್ಚಿ ಭಜಿ ನಡೀತದೇನ್ರಿ?” ಅಂತ ಕೇಳಿದರು. ತಿಂಗಳಿಗೊಮ್ಮೆ, ಒಂದೇ ಒಂದು ಅಂದೆ. “ಎಲ್ಲೀ ಒಂದ್ರೀ, ನಿನ್ನೇನ ಮೂರ್ ತಿಂದ್ ಬಂದಾರ” ಎಂದರು ಹೆಂಡತಿ.