ಕ್ಲಿಪ್ಪಿಂಗ್ ಡಯೋಡ್

ಡಿಸ್ಟಾರ್ಷನ್ ಪೆಡಲ್‌ನಲ್ಲಿ ಗಿಟಾರ್ ಸಿಗ್ನಲ್ಲನ್ನು ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ನೂರಾರು ಪಟ್ಟು ಹಿಗ್ಗಿಸಿದ ಮೇಲೆ ಅದರ ಅಲೆಯ ನೆತ್ತಿಯನ್ನು ಒಂದು ಮಟ್ಟದಲ್ಲಿ ಚಪ್ಪಟೆ ಮಾಡುವ ಡಯೋಡ್‌ಗಳೇ ಕ್ಲಿಪ್ಪಿಂಗ್ ಡಯೋಡ್‌ಗಳು. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಸಾಮಾನ್ಯವಾಗಿ ಎರಡನ್ನು ಪರಸ್ಪರ ಎದುರು ದಿಕ್ಕಿಗೆ, ಪಕ್ಕಪಕ್ಕ ಸೇರಿಸಿರುತ್ತಾರೆ. ಒಂದು ಡಯೋಡ್ ಅಲೆಯ ಮೇಲರ್ಧವನ್ನು ತಡೆದರೆ ಇನ್ನೊಂದು ಕೆಳಗಿನರ್ಧವನ್ನು ತಡೆಯುತ್ತದೆ. ಹೀಗೆ ಕತ್ತರಿಸಿದ ಅಲೆಯಲ್ಲಿ ಹೊಸ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟು ಆವರ್ತನದ ಸ್ವರಗಳು) ಹುಟ್ಟುತ್ತವೆ. ಡಿಸ್ಟಾರ್ಷನ್ ಎಂದು ಕಿವಿಗೆ ಬೀಳುವುದು ಅವೇ.

ಡಯೋಡ್ ಯಾವುದು ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ರ್‍ಯಾಟ್, ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಪೆಡಲ್‌ಗಳಲ್ಲಿ ಆಪ್-ಆಂಪ್ ಆದಮೇಲೆ ಒಂದು ರೆಸಿಸ್ಟರ್, ಅಲ್ಲಿಂದ ಗ್ರೌಂಡ್‌ಗೆ ಡಯೋಡ್‌ಗಳು. ಮಟ್ಟ ಮೀರಿದ್ದೆಲ್ಲ ಗ್ರೌಂಡ್ ಪಾಲು, ದನಿ ಒರಟು. ಇದು ಹಾರ್ಡ್ ಕ್ಲಿಪ್ಪಿಂಗ್. ಟ್ಯೂಬ್ ಸ್ಕ್ರೀಮರ್ ಪೆಡಲ್‌ನಲ್ಲಿ ಡಯೋಡ್‌ಗಳು ಆಪ್-ಆಂಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿ ಇರುತ್ತವೆ. ಅಲ್ಲಿ ಗೇನ್ (ಎಷ್ಟು ಪಟ್ಟು ಹಿಗ್ಗುತ್ತದೆ ಎನ್ನುವ ಅಳತೆ) ಎಷ್ಟೇ ಕುಸಿದರೂ 1ಕ್ಕಿಂತ ಕೆಳಗಿಳಿಯದು, ಹಾಗಾಗಿ ಕ್ಲಿಪ್ ಆದ ದನಿಯ ಜೊತೆ ಮೂಲ ಸಿಗ್ನಲ್ಲೂ ಉಳಿದುಕೊಳ್ಳುತ್ತದೆ. ಇದು ಸಾಫ್ಟ್ ಕ್ಲಿಪ್ಪಿಂಗ್.

ಡಯೋಡ್ ತೆರೆದು ಕ್ಲಿಪ್ ಮಾಡುವ ಮಟ್ಟ ಸಿಲಿಕಾನ್‌ಗೆ 0.6 ವೋಲ್ಟ್, ಜರ್ಮೇನಿಯಂಗೆ 0.3, ಕೆಂಪು ಎಲ್‌ಇಡಿಗೆ 1.7 ಎಂದು ಬಾಯಿಪಾಠ ಮಾಡಿಕೊಂಡಿರುತ್ತೇವೆ. ಈ ಅಂಕಿಗಳು ಸ್ಥಿರವಲ್ಲ, ಹರಿಯುವ ಕರೆಂಟ್‌ಗೆ ತಕ್ಕಂತೆ ಬದಲಾಗುತ್ತವೆ. 1ಎನ್4148 ಎಂಬ ಸಿಲಿಕಾನ್ ಡಯೋಡ್‌ನಲ್ಲಿ ಕರೆಂಟ್ 10 ಪಟ್ಟು ಏರಿದರೆ ವೋಲ್ಟೇಜ್ ಸುಮಾರು 0.1 ಏರುತ್ತದೆ. ಡಯೋಡ್‌ಗೆ ಮೊದಲು ಬರುವ ರೆಸಿಸ್ಟರ್ 1 ಕಿಲೋ ಓಮ್ ಇದ್ದರೆ ಡಯೋಡ್‌ಗೆ 2 ಮಿಲಿಆಂಪ್‌ನಷ್ಟು ಹರಿದು 0.6 ವೋಲ್ಟ್ ಸಿಗುತ್ತದೆ. ಅದೇ 10 ಕಿಲೋ ಓಮ್ ಆದರೆ 0.5ರ ಆಸುಪಾಸು. ಟ್ಯೂಬ್ ಸ್ಕ್ರೀಮರ್‌ನ ಫೀಡ್‌ಬ್ಯಾಕ್‌ನಲ್ಲಿ ಕೆಲವೇ ಹತ್ತು ಮೈಕ್ರೋಆಂಪ್ ಹರಿಯುವುದರಿಂದ 0.4ಕ್ಕೇ ಕ್ಲಿಪ್ ಶುರು. ಆದ್ದರಿಂದ ಡಯೋಡ್ ಬದಲಿಸುವ ಮುನ್ನ ಆ ರೆಸಿಸ್ಟರನ್ನು ಬದಲಿಸಿ ಕೇಳುವುದು ಒಳ್ಳೆಯದು.

ಪ್ರಯೋಗಕ್ಕೆ ಬ್ರೆಡ್‌ಬೋರ್ಡ್ ಸಾಕು. 9 ವೋಲ್ಟ್ ಬ್ಯಾಟರಿ, ಅರ್ಧಕ್ಕೆ ಅಂದರೆ 4.5 ವೋಲ್ಟ್‌ಗೆ ಬಯಾಸ್ ಮಾಡಿದ (ಸಿಗ್ನಲ್ ಇಲ್ಲದಾಗ ಅಲ್ಲಿ ನಿಲ್ಲುವಂತೆ ಮಾಡಿದ) ಟಿಎಲ್072 ಆಪ್-ಆಂಪ್. ಫೀಡ್‌ಬ್ಯಾಕ್‌ಗೆ 1 ಮೆಗಾ ಓಮ್. ಇನ್ವರ್ಟಿಂಗ್ ಪಿನ್‌ನಿಂದ ಗ್ರೌಂಡ್‌ಗೆ 4.7 ಕಿಲೋ ಓಮ್ ಮತ್ತು 0.047 ಮೈಕ್ರೋಫ್ಯಾರಡ್ ಸರಣಿಯಲ್ಲಿ. ಗೇನ್ 200 ದಾಟುತ್ತದೆ. ಔಟ್‌ಪುಟ್‌ಗೆ 1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್, ನಂತರ 10 ಕಿಲೋ ಓಮ್, ಅಲ್ಲಿಂದ ಗ್ರೌಂಡ್‌ಗೆ ಡಯೋಡ್ ಜೋಡಿ, ಅದಕ್ಕೆ ಸಮಾನಾಂತರವಾಗಿ 1 ನ್ಯಾನೋಫ್ಯಾರಡ್. ಕೊನೆಗೆ 100 ಕಿಲೋ ಓಮ್ ವಾಲ್ಯೂಮ್ ಪಾಟ್. ನಡುವೆ ಆಫ್ ಇರುವ ಮೂರು ಸ್ಥಾನದ ಟಾಗಲ್ ಸ್ವಿಚ್ ಹಾಕಿದರೆ ಎರಡು ಜೋಡಿ ಡಯೋಡ್‌ಗಳ ಜೊತೆ ಡಯೋಡ್ ಇಲ್ಲದ ದನಿಯೂ ಸಿಗುತ್ತದೆ.

ಹೋಲಿಸುವಾಗ ಪ್ರತಿ ಸಲ ವಾಲ್ಯೂಮ್ ಸಮ ಮಾಡಲೇಬೇಕು. ಎಲ್‌ಇಡಿ ಜೋಡಿ ಸಿಲಿಕಾನ್‌ಗಿಂತ ಸುಮಾರು 9 ಡೆಸಿಬೆಲ್ ಜೋರು, ಜೋರಾಗಿರುವುದು ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಸಮ ಮಾಡಿದ ಮೇಲೆ ಎಷ್ಟೋ 'ಮ್ಯಾಜಿಕ್ ಡಯೋಡ್'ಗಳ ವ್ಯತ್ಯಾಸ ಕರಗಿಹೋಗುತ್ತದೆ. ಉಳಿಯುವ ವ್ಯತ್ಯಾಸ ನಿಜವಾದದ್ದು: ಜರ್ಮೇನಿಯಂ ನಿಧಾನವಾಗಿ ಬಾಗುತ್ತದೆ, ಎಲ್‌ಇಡಿ ಪಿಕ್ಕಿನ ಏಟನ್ನು ಹೆಚ್ಚು ಉಳಿಸಿಕೊಡುತ್ತದೆ. ನೀಲಿ ಅಥವಾ ಬಿಳಿ ಎಲ್‌ಇಡಿಯಿಂದ ಹೆಚ್ಚು ಪ್ರಯೋಜನವಿಲ್ಲ. 9 ವೋಲ್ಟ್‌ನಲ್ಲಿ ಆಪ್-ಆಂಪ್‌ನ ಅಲೆ 3 ವೋಲ್ಟ್ ಆಸುಪಾಸಿನಲ್ಲಿ ತಾನೇ ಕ್ಲಿಪ್ ಆಗುವುದರಿಂದ ಡಯೋಡ್‌ಗೆ ಕೆಲಸವೇ ಹೆಚ್ಚು ಉಳಿಯದು.

ಜರ್ಮೇನಿಯಂ ಅಥವಾ 1ಎನ್5817 ಶಾಟ್ಕಿ (ಇನ್ನೊಂದು ಬಗೆಯ ಡಯೋಡ್) ಅನ್ನು ಫೀಡ್‌ಬ್ಯಾಕ್‌ನಲ್ಲಿಟ್ಟರೆ, ಗೇನ್ ಹೊಂದಿಸುವ ಡ್ರೈವ್ ಪಾಟ್ ತಿರುಗಿಸಿದರೂ ಗೇನ್ ಏರದಿರಬಹುದು. ಇವುಗಳ ಲೀಕೇಜ್, ಅಂದರೆ ಮುಚ್ಚಿದ್ದಾಗಲೂ ಸೋರುವ ಕರೆಂಟ್ ಹೆಚ್ಚು. ಕ್ಲಿಪ್ ಆಗುವ ಮುನ್ನವೇ ಅವು ಹತ್ತಾರು ಕಿಲೋ ಓಮ್ ರೆಸಿಸ್ಟರ್‌ನಂತೆ ವರ್ತಿಸಿ 500 ಕಿಲೋ ಓಮ್ ಪಾಟ್‌ನ ಪ್ರಭಾವವನ್ನು ನುಂಗಿಬಿಡುತ್ತವೆ. 1ಎನ್5817ರ ಕೆಪಾಸಿಟೆನ್ಸ್ ಕೂಡ ನೂರಾರು ಪಿಕೋಫ್ಯಾರಡ್, ಟ್ರೆಬಲ್ ಮಂಕಾಗುವುದು ಅದರಿಂದ. ಶಾಟ್ಕಿಯೇ ಬೇಕಿದ್ದರೆ ಬ್ಯಾಟ್46 ಪ್ರಯತ್ನಿಸಿ.

ಒಂದು ಬದಿಗೆ ಎರಡು ಡಯೋಡ್ ಸರಣಿಯಲ್ಲಿ, ಇನ್ನೊಂದು ಬದಿಗೆ ಒಂದೇ ಇಟ್ಟರೆ ಅಸಿಮೆಟ್ರಿಕ್ ಕ್ಲಿಪ್ಪಿಂಗ್. ಬಾಸ್ ಕಂಪನಿಯ ಎಸ್‌ಡಿ-1 ಪೆಡಲ್‌ನದ್ದು ಇದೇ ಜೋಡಣೆ. ಇದರಿಂದ ಸಮ ಹಾರ್ಮೋನಿಕ್‌ಗಳು ಸೇರಿಕೊಳ್ಳುತ್ತವೆ. ಇದರ ಸೊಗಸು ಕೇಳಬೇಕೆಂದರೆ ಗೇನ್ ಮಿತವಾಗಿರಲಿ. ಗೇನ್ ಪೂರ್ತಿ ಏರಿಸಿದರೆ ಅಲೆ ಹೆಚ್ಚುಕಡಿಮೆ ಚೌಕವಾಗುತ್ತದೆ, ಮುಂದಿನ ಕಪ್ಲಿಂಗ್ ಕೆಪಾಸಿಟರ್ ಅದನ್ನು ಮತ್ತೆ ನಡುವಿಗೆ ತಂದು ಕೂರಿಸುತ್ತದೆ, ವ್ಯತ್ಯಾಸ ಬಹುಪಾಲು ಅಳಿಸಿಹೋಗುತ್ತದೆ.

ಗ್ರೌಂಡ್‌ಗೆ ಹೋಗುವ ಡಯೋಡ್ ಶಾರ್ಟ್ ಆಗಿದ್ದರೆ ದನಿಯೇ ಬರುವುದಿಲ್ಲ. ಫೀಡ್‌ಬ್ಯಾಕ್‌ನಲ್ಲಿ ಶಾರ್ಟ್ ಆಗಿದ್ದರೆ ಕ್ಲೀನ್ ದನಿ ಬರುತ್ತದೆ, ಡ್ರೈವ್ ಕೆಲಸ ಮಾಡುವುದಿಲ್ಲ. ವಾಲ್ಯೂಮ್ ಥಟ್ಟನೆ ಏರಿದ್ದರೆ ಒಂದು ಕಾಲು ಬಿಟ್ಟುಕೊಂಡಿರಬಹುದು ಅಥವಾ ಎರಡೂ ಒಂದೇ ದಿಕ್ಕಿಗಿರಬಹುದು. ದಿಕ್ಕು ತಿಳಿಯಲು ಡಯೋಡ್ ದೇಹದ ಮೇಲಿನ ಪಟ್ಟಿ ನೋಡಿ. ಕಪ್ಲಿಂಗ್ ಕೆಪಾಸಿಟರ್ ಬಿಟ್ಟು ಜೋಡಿಸಿದರೆ ಆಪ್-ಆಂಪ್‌ನ 4.5 ವೋಲ್ಟ್ ಡಿಸಿಗೆ ಒಂದು ಡಯೋಡ್ ಸದಾ ತೆರೆದಿದ್ದು ಸಿಗ್ನಲ್ ಸತ್ತೇಹೋಗುತ್ತದೆ. ಹಳೆಯ ಗಾಜಿನ ಜರ್ಮೇನಿಯಂ ಬಿಸಿಗೆ ಬೇಗ ಕೆಡುತ್ತದೆ. ಅದನ್ನು ಬೆಸೆಯುವಾಗ ಗಾಜು ಮತ್ತು ಐರನ್ ನಡುವಿನ ಕಾಲಿಗೆ ಮೊಸಳೆ ಕ್ಲಿಪ್ ಕಚ್ಚಿಸಿ, ಎರಡು-ಮೂರು ಸೆಕೆಂಡಿನಲ್ಲಿ ಮುಗಿಸಿ. ಸಾಕೆಟ್ ಹಾಕಿದ್ದರೆ ಆ ತೊಂದರೆಯೂ ಇಲ್ಲ.