ಸಕ್ರಿಯ ಇಂಗಾಲ: ಅಯೋಡಿನ್ ಸಂಖ್ಯೆಯೊಂದೇ ಸಾಲದು

ಸಕ್ರಿಯ ಇಂಗಾಲ, ಅಂದರೆ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ಕಲ್ಮಶ ಹಿಡಿದಿಡುವ ಇದ್ದಿಲು, ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದರ ಅಯೋಡಿನ್ ಸಂಖ್ಯೆಯನ್ನು. ಒಂದು ಗ್ರಾಂ ಇಂಗಾಲ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿದಿಟ್ಟುಕೊಳ್ಳಬಲ್ಲದು ಎಂಬುದನ್ನು ತಿಳಿಸುವ ಈ ಅಂಕಿ, ನೀರಿನ ಶುದ್ಧೀಕರಣಕ್ಕೆ ಬಳಸುವ ಉತ್ತಮ ದರ್ಜೆಗಳಲ್ಲಿ 900ರಿಂದ 1100ರ ಆಸುಪಾಸಿನಲ್ಲಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಸರಕು ಒಳ್ಳೆಯದೆಂಬ ನಂಬಿಕೆ ಅರ್ಧ ಮಾತ್ರ ಸರಿ. ಅಯೋಡಿನ್ ಅಣು ತೀರ ಚಿಕ್ಕದಾದ್ದರಿಂದ, ಅದು ನುಸುಳುವ ರಂಧ್ರದೊಳಗೆ ಬಣ್ಣದ ದೊಡ್ಡ ಅಣುವೂ ಹೋದೀತೆಂದು ಹೇಳಲಾಗದು.

ಕಚ್ಚಾವಸ್ತುವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿ, ಅದರ ಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದಾಗ, ಇಂಗಾಲದ ಒಂದು ಪಾಲು ಅನಿಲವಾಗಿ ಹೊರಟುಹೋಗಿ ಉಳಿದುದರಲ್ಲಿ ರಂಧ್ರಗಳ ಜಾಲ ತೆರೆದುಕೊಳ್ಳುತ್ತದೆ. ಹೀಗಾಗಿ ಒಂದೇ ಗ್ರಾಮಿನ ಒಳಮೈ ವಿಸ್ತೀರ್ಣ 500ರಿಂದ 1500 ಚದರ ಮೀಟರಿನಷ್ಟಾಗುತ್ತದೆ. ತೆಂಗಿನ ಚಿಪ್ಪಿನ ಇಂಗಾಲದಲ್ಲಿ ಎರಡು ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳೇ ಹೆಚ್ಚು. ಜೊತೆಗೆ ಅದು ಗಟ್ಟಿ. ಚಿನ್ನದ ಗಣಿಗಾರಿಕೆಯಲ್ಲಿ, ಕರಗಿದ ಚಿನ್ನವನ್ನು ಹಿಡಿಯಲೆಂದು, ಸಯನೈಡ್ ಮಿಶ್ರಿತ ಅದಿರಿನ ರಾಡಿಯೊಳಗೆ ಕದಡಿದರೂ ಅಷ್ಟು ಬೇಗ ಸವೆಯದು ಎಂಬ ಕಾರಣಕ್ಕೇ ಅಲ್ಲಿ ಅದಕ್ಕೆ ಆದ್ಯತೆ. ಸಕ್ಕರೆ ಪಾಕದ ಬಣ್ಣ ತೆಗೆಯುವ ಕೆಲಸಕ್ಕಾದರೆ, ಫಾಸ್ಫಾರಿಕ್ ಆಮ್ಲ ಬಳಸಿ ಕಟ್ಟಿಗೆಯಿಂದ ತಯಾರಿಸಿದ, ಅಗಲ ರಂಧ್ರಗಳ ಇಂಗಾಲವೇ ಮೇಲು.

ನೀರಿನಲ್ಲಿರುವ ಕ್ಲೋರಿನ್‌ನ ವಿಷಯ ಬೇರೆ. ಅದು ಮೇಲ್ಮೈಗೆ ಅಂಟಿ ಕೂರುವುದಿಲ್ಲ, ಇಂಗಾಲದೊಡನೆ ವರ್ತಿಸಿ ಕ್ಲೋರೈಡ್ ಆಗಿಬಿಡುತ್ತದೆ. ಈ ಕ್ರಿಯೆ ಎಷ್ಟು ಚುರುಕೆಂದರೆ, ತಳದ ಪದರಗಳಿಗೆ ಕ್ಲೋರಿನ್ ತಲುಪುವುದೇ ಇಲ್ಲ. ಸೋಂಕು ತಡೆಯುವ ಕ್ಲೋರಿನ್ ಇಲ್ಲದ ಆ ಭಾಗದಲ್ಲಿ, ಸಿಕ್ಕ ಸಾವಯವ ವಸ್ತುವನ್ನೇ ಆಹಾರವಾಗಿಸಿಕೊಂಡು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ಇಂಗಾಲದ ಫಿಲ್ಟರ್ ದಾಟಿದ ನೀರಿಗೆ ಸೋಂಕುನಿವಾರಣೆ ಬೇಡವೆನ್ನುವುದು ಅಪಾಯಕಾರಿ ವಾದ. ಗಡಸುತನ, ಕರಗಿದ ಲವಣ, ನೈಟ್ರೇಟ್ ಇವುಗಳ ಮೇಲಂತೂ ಸಾಮಾನ್ಯ ಸಕ್ರಿಯ ಇಂಗಾಲದ ಪ್ರಭಾವ ನಗಣ್ಯ.

ವಿಷಪ್ರಾಶನದ ಚಿಕಿತ್ಸೆಯಲ್ಲೂ ಇದೇ ಮಿತಿ. ಸೇವಿಸಿದ ಒಂದು ಗಂಟೆಯೊಳಗೆ ವೈದ್ಯರು ಕೊಟ್ಟರೆ ಅನೇಕ ಔಷಧಗಳನ್ನು ಹಿಡಿದಿಡುವ ಇಂಗಾಲವು ಮದ್ಯಸಾರ, ಲಿಥಿಯಂ ಮತ್ತು ಕಬ್ಬಿಣದ ಲವಣಗಳ ವಿಷಯದಲ್ಲಿ ಉಪಯೋಗಕ್ಕೆ ಬಾರದು.

ದರ್ಜೆ ಸರಿಯಿದ್ದೂ ಫಲ ಸಿಗದಿದ್ದರೆ ನಾನು ಮೊದಲು ನೋಡುವುದು ನೀರಿನ ಹರಿವನ್ನು. ಅಣು ರಂಧ್ರದೊಳಗಿನವರೆಗೆ ಸಾಗಲು ಸಮಯ ಬೇಕು. ಸಾವಯವ ಕಲ್ಮಶಗಳಿಗೆ ಹಲವು ನಿಮಿಷಗಳ ಸಂಪರ್ಕ ಅಗತ್ಯ. ಎರಡನೆಯದಾಗಿ, ಹೊಸ ಇಂಗಾಲವನ್ನು ನೀರಲ್ಲಿ ನೆನೆಸಿದ್ದರೋ ಎಂದು ಕೇಳುತ್ತೇನೆ. ನೀರು ತುಂಬಿದೊಡನೆ ಕಾಳುಗಳಿಂದ ಗುಳ್ಳೆಗಳು ಸಣ್ಣಗೆ ಏಳತೊಡಗಿ, ಗಂಟೆಗಟ್ಟಲೆ ಏಳುತ್ತಲೇ ಇರುತ್ತವೆ. ಆ ಗಾಳಿ ಹೊರಹೋಗದೆ ಒಳಗಿನ ಮೈಗೆ ನೀರು ಮುಟ್ಟದು. ಒಂದು ರಾತ್ರಿ ನೆನೆಸಿ, ಕಪ್ಪು ಪುಡಿ ಹೋಗಿ ನೀರು ತಿಳಿಯಾಗುವವರೆಗೆ ಕೆಳಗಿನಿಂದ ಮೇಲಕ್ಕೆ ತೊಳೆದ ನಂತರವೇ ಫಿಲ್ಟರನ್ನು ಬಳಕೆಗೆ ಬಿಡಬೇಕು.

ಇಂಗಾಲ ಬದಲಿಸುವವರು ಮರೆಯಬಾರದ ಸಂಗತಿಯೊಂದಿದೆ: ಒದ್ದೆಯಾದ ಸಕ್ರಿಯ ಇಂಗಾಲ ಗಾಳಿಯಲ್ಲಿನ ಆಮ್ಲಜನಕವನ್ನು ಹೀರುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಅದರ ಪ್ರಮಾಣ ಪ್ರಾಣಕ್ಕೆ ಕುತ್ತು ತರುವಷ್ಟು ಕುಸಿಯಬಹುದು, ಅದಕ್ಕೆ ವಾಸನೆಯ ಮುನ್ಸೂಚನೆಯೂ ಇರುವುದಿಲ್ಲ. ಮಾಪಕದಿಂದ ಆಮ್ಲಜನಕ ಅಳೆಯದೆ, ಹೊರಗೆ ಕಾವಲಿಗೊಬ್ಬರನ್ನು ನಿಲ್ಲಿಸದೆ, ಯಾರನ್ನೂ ಒಳಗಿಳಿಸಬಾರದು.